ಎದೆಯುರಿ ಎಂದು ಮಾತ್ರೆ ಬಿಡುವ ಮುನ್ನ

ರುಮಟಾಯ್ಡ್ ಸಂಧಿವಾತಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ, ಮೂಳೆ ಸವೆತಕ್ಕೆ ಕೊಟ್ಟ ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಮಾತ್ರೆ ಎದೆ ಉರಿಸುತ್ತಿದೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ನುಂಗುವಾಗ ನೋವಾದರೆ ಅಥವಾ ತುತ್ತು ಸಿಕ್ಕಿಕೊಂಡಂತಾದರೆ ಮುಂದಿನ ಮಾತ್ರೆ ಬೇಡ, ಇಂದೇ ವೈದ್ಯರಿಗೆ ತಿಳಿಸಿ. ಬರೀ ಉರಿಯಾದರೆ ನುಂಗುವ ಕ್ರಮ ನೋಡಿಕೊಳ್ಳಿ: ಬೆಳಗ್ಗೆ ಬರಿಹೊಟ್ಟೆಯಲ್ಲಿ, ಲೋಟದ ತುಂಬ ನೀರಿನೊಂದಿಗೆ, ಆಮೇಲೆ 30 ನಿಮಿಷ ಏನೂ ತಿನ್ನಬಾರದು, ಮಲಗಲೇಬಾರದು. ಕೀಲುಗಳು ಬಿಗಿದ ಬೆಳಗಿನಲ್ಲಿ ಮತ್ತೆ ಹಾಸಿಗೆಗೆ ಒರಗಬೇಕೆನಿಸುವುದು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಸಲ ಉರಿ ಹುಟ್ಟುವುದು ಅಲ್ಲೇ. ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆದರೂ ಉರಿ ನಿಲ್ಲದಿದ್ದರೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ, ಮೂಳೆ ಸವೆತದ್ದೇ ಔಷಧವಾದ ಜೋಲೆಡ್ರೋನಿಕ್ ಆಮ್ಲದ ಬಗ್ಗೆ ಕೇಳಿ. ಅದನ್ನು ಮೊದಲ ಸಲ ಕೊಟ್ಟಾಗ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಸಂಧಿವಾತ ಕೆರಳಿತೆಂದು ತಕ್ಷಣ ಗಾಬರಿಯಾಗಬೇಡಿ. ಪ್ರೆಡ್ನಿಸೋಲೋನನ್ನಂತೂ ನೀವಾಗಿ ನಿಲ್ಲಿಸಬೇಡಿ.