ಒಂದೇ ತೂಕಕ್ಕೆ ಎರಡು ಬಿಲ್: ಮೂಲ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಮೆಕ್ಕೆಜೋಳ ವರ್ತಕರಿಗೆ ತೂಕದ ಬಿಲ್ ಮಾಡುವ ತಂತ್ರಾಂಶ ಒದಗಿಸುವ ಸಣ್ಣ ತಂಡ ನಮ್ಮದು. ಸುಗ್ಗಿಯಲ್ಲಿ ಆವಕ ಹೆಚ್ಚಿದ ದಿನ ಒಂದೇ ತೂಕಕ್ಕೆ ಎರಡು ಬಿಲ್ ದಾಖಲಾಗುತ್ತಿವೆ. ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುತ್ತಾ ಹೋಗುವ ‘ಐದು ಏಕೆ’ ವಿಧಾನದಲ್ಲಿ ವಿಚಾರಿಸಿದಾಗ, ಗುಮಾಸ್ತರು ಗುಂಡಿಯನ್ನು ಎರಡು ಸಲ ಒತ್ತುತ್ತಾರೆ ಎಂಬಲ್ಲಿಗೆ ಚರ್ಚೆ ನಿಂತಿತು. ಕಾರಣಗಳನ್ನು ಮೀನಿನ ಮುಳ್ಳಿನಂತೆ ಬರೆಯುವ ಫಿಶ್‌ಬೋನ್ ಚಿತ್ರವನ್ನೋ, ಮರದಂತೆ ಕವಲೊಡೆಸಿ ಬರೆಯುವ ಫಾಲ್ಟ್ ಟ್ರೀಯನ್ನೋ ಬಳಸಬೇಕಿತ್ತೇ?

ಉತ್ತರ: ನಿಮ್ಮ ಸಮಸ್ಯೆಗೆ ಫಾಲ್ಟ್ ಟ್ರೀ ಹೊಂದುತ್ತದೆ. ಟೊಯೋಟಾ ಕಾರ್ಖಾನೆಗಳಲ್ಲಿ ಬೆಳೆದ ‘ಐದು ಏಕೆ’ ಪ್ರತಿ ಪ್ರಶ್ನೆಗೂ ಒಂದೇ ಉತ್ತರವನ್ನು ಹಿಡಿದು ಮುಂದೆ ಸಾಗುವುದರಿಂದ, ಹಲವು ಸ್ಥಿತಿಗಳು ಒಟ್ಟಿಗೆ ಸೇರಿದಾಗ ಮಾತ್ರ ಘಟಿಸುವ ವೈಫಲ್ಯದಲ್ಲಿ ಅದು ಬಹುಬೇಗ ಯಾರೋ ಒಬ್ಬ ಮನುಷ್ಯನ ಬಳಿ ಬಂದು ನಿಂತುಬಿಡುತ್ತದೆ. ಗುಮಾಸ್ತರ ಮೇಲೆ ಹೊರೆ ಹೊರಿಸಿ ತನಿಖೆ ಮುಗಿಸುವುದು ಅನ್ಯಾಯವೂ ಹೌದು, ನಿರುಪಯುಕ್ತವೂ ಹೌದು.

ಕ್ಷಿಪಣಿ ಉಡಾವಣಾ ನಿಯಂತ್ರಣ ವ್ಯವಸ್ಥೆಯ ಸುರಕ್ಷತೆಯನ್ನು ಪರಿಶೀಲಿಸಲು 1962ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಫಾಲ್ಟ್ ಟ್ರೀಯಲ್ಲಿ ವೈಫಲ್ಯವನ್ನು ತುದಿಯಲ್ಲಿಟ್ಟು, ಅದರ ಕೆಳಗೆ ‘ಇವೆಲ್ಲವೂ ಸೇರಿದರೆ’ ಮತ್ತು ‘ಇವುಗಳಲ್ಲಿ ಒಂದಾದರೂ ಇದ್ದರೆ’ ಎಂಬ ಎರಡು ಬಗೆಯ ಕೊಂಡಿಗಳಿಂದ ಕಾರಣಗಳನ್ನು ಜೋಡಿಸುತ್ತಾರೆ. ನಿಮ್ಮಲ್ಲಿ ಬಿಲ್ ದಾಖಲಿಸುವ ಗಣಕದ, ಅಂದರೆ ಸರ್ವರ್‌ನ ಉತ್ತರ ತಡವಾಗಬೇಕು, ಬಿಲ್ ಮಾಡುವ ಅದೇ ಕೋರಿಕೆ ಮತ್ತೆ ಹೋಗಬೇಕು, ಅದು ಹಳೆಯದೇ ಎಂದು ಸರ್ವರ್ ಗುರುತಿಸದಿರಬೇಕು. ಈ ಮೂರೂ ಕೂಡಿದರೆ ಮಾತ್ರ ಎರಡನೆಯ ಬಿಲ್ ಹುಟ್ಟುತ್ತದೆ. ಕೋರಿಕೆ ಮತ್ತೆ ಹೋಗಲು ಗುಮಾಸ್ತರ ಬೆರಳೇ ಬೇಕೆಂದಿಲ್ಲ, ತಂತ್ರಾಂಶ ತಾನಾಗಿಯೂ ಮರುಪ್ರಯತ್ನ ಮಾಡಿರಬಹುದು. ಹೀಗಾಗಿ ಮೊದಲು ತಂತ್ರಾಂಶ ತಾನೇ ಬರೆದಿಡುವ ದಾಖಲೆಗಳಾದ ಲಾಗ್‌ಗಳಿಂದ ಕ್ಷಣಕ್ಷಣದ ಕಾಲಕ್ರಮವನ್ನು ಬರೆದುಕೊಳ್ಳಿ; ಅದಿಲ್ಲದೆ ಬರೆದ ಮರ ಬರೀ ಊಹೆ. ಪ್ರತಿ ತೂಕಕ್ಕೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮರಳಿ ಬಂದಾಗ ಹೊಸ ಬಿಲ್ ಮಾಡದಂತೆ ಸರ್ವರನ್ನು ತಿದ್ದಿದರೆ ಮೂರನೆಯ ಸ್ಥಿತಿಯೇ ಇಲ್ಲವಾಗುತ್ತದೆ.

1996ರ ಜೂನ್ 4ರಂದು ಏರಿಯನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾದದ್ದೂ ಇಂಥ ಕೂಟದಿಂದಲೇ. 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನ ಚಿಕ್ಕ ಜಾಗದಲ್ಲಿ ಹಿಡಿಯಲಿಲ್ಲ ಎಂಬಲ್ಲಿಗೆ ತನಿಖೆ ನಿಂತಿದ್ದರೆ, ಹಿಂದಿನ ರಾಕೆಟ್ ಏರಿಯನ್ 4ರಿಂದ ತಂದ ಆ ಲೆಕ್ಕಾಚಾರ ಉಡಾವಣೆಯ ನಂತರ ಅಗತ್ಯವೇ ಇರಲಿಲ್ಲ ಎಂಬುದೂ, ಬದಲಿ ಗಣಕದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ರೀತಿ ಕೈಕೊಟ್ಟಿತೆಂಬುದೂ ಮರೆಯಾಗುತ್ತಿದ್ದವು.

ಜಪಾನಿನ ಗುಣಮಟ್ಟ ತಜ್ಞ ಕಾವೊರು ಇಷಿಕಾವಾ ಅವರ ಫಿಶ್‌ಬೋನ್ ಚಿತ್ರ, ಯಾವ ದಿಕ್ಕಿನಲ್ಲಿ ಹುಡುಕಬೇಕೆಂದೇ ತಿಳಿಯದಾಗ ಎಲ್ಲರ ಅನುಮಾನಗಳನ್ನು ಒಂದೆಡೆ ತರಲು ಒಳ್ಳೆಯದು. ನೀವು ಆ ಹಂತವನ್ನು ದಾಟಿದ್ದೀರಿ.

ತಿದ್ದಿದ ಬಳಿಕ ಪರೀಕ್ಷಾ ಗಣಕದಲ್ಲಿ ಉತ್ತರವನ್ನು ಬೇಕೆಂದೇ ತಡಮಾಡಿ ನೋಡಿ. ಹಳೆಯ ಜೋಡಿ ಬಿಲ್‌ಗಳನ್ನು ತೂಕ ಒಂದೇ ಇದೆಯೆಂಬ ಆಧಾರದ ಮೇಲೆ ಅಳಿಸಬೇಡಿ. ಒಬ್ಬ ರೈತರ ಎರಡು ಲೋಡ್‌ಗಳು ನಿಜಕ್ಕೂ ಸಮತೂಕದವಾಗಿರಬಹುದು, ಆದ್ದರಿಂದ ವರ್ತಕರ ಕೈಬರಹದ ಪುಸ್ತಕದೊಡನೆ ತಾಳೆ ನೋಡಿಯೇ ತೀರ್ಮಾನಿಸಿ.