ಸಕ್ಕರೆ ಕಾರ್ಖಾನೆಯ ವಿಎಫ್‌ಡಿಗಳಿಗೆ ಅಲರ್ಟ್ ಮಿತಿ ಎಷ್ಟಿಡಬೇಕು?

ವಿಎಫ್‌ಡಿಯ (ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ಭಾಗ, 70 ಡಿಗ್ರಿ ದಾಟಿದರೆ ಅಲರ್ಟ್ ಬರುವಂತೆ ಇಟ್ಟಿದ್ದೀರಿ, ಮಧ್ಯಾಹ್ನವಿಡೀ ಮೊಬೈಲ್ ಬಡಿದುಕೊಳ್ಳುತ್ತದೆ, ಮಿತಿಯನ್ನು 80ಕ್ಕೆ ಏರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಏರಿಸಬೇಡಿ. ನಾನು ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ವಿದ್ಯುತ್ ನಿರ್ವಹಣೆ ನೋಡಿಕೊಳ್ಳುತ್ತೇನೆ. ನಮ್ಮ ಹಂಗಾಮಿನಲ್ಲಿ ಡಿಸೆಂಬರಿನ ನಸುಕಿಗೂ ಮಾರ್ಚಿನ ಮಧ್ಯಾಹ್ನಕ್ಕೂ 20 ಡಿಗ್ರಿ ಅಂತರ ಸಾಮಾನ್ಯ. ಮಿತಿ ಒಂದೇ ಆದರೆ ಚಳಿಯಲ್ಲಿ ನಿಜವಾದ ದೋಷ ಅಡಗಿಕೊಳ್ಳುತ್ತದೆ, ಬಿಸಿಲಿನಲ್ಲಿ ದೋಷವಿಲ್ಲದೆಯೂ ಕೂಗು ಏಳುತ್ತದೆ. ದಿನವೂ ಕೂಗುವ ಅಲರ್ಟನ್ನು ಪಾಳಿಯವರು ನೋಡುವುದನ್ನೇ ಬಿಡುತ್ತಾರೆ.

ಅಳೆಯಬೇಕಾದದ್ದು ಹೀಟ್‌ಸಿಂಕಿಗೂ ಡ್ರೈವ್ ಎಳೆದುಕೊಳ್ಳುವ ಗಾಳಿಗೂ ಇರುವ ತಾಪಮಾನದ ವ್ಯತ್ಯಾಸವನ್ನು. ಪ್ಯಾನೆಲ್ ಒಳಗೆ, ಡ್ರೈವ್ ಗಾಳಿ ಎಳೆದುಕೊಳ್ಳುವ ಕಡೆ ಒಂದು ಪಿಟಿ-100 ತಾಪಮಾನ ಸೆನ್ಸರ್ ಕೂರಿಸಿ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಜೋಡಿಸಿ. ಹೀಟ್‌ಸಿಂಕ್ ತಾಪಮಾನ ಮತ್ತು ಔಟ್‌ಪುಟ್ ಕರೆಂಟನ್ನು ಮೋಡ್‌ಬಸ್ ಎಂಬ ಸಂವಹನ ಸಂಪರ್ಕದ ಮೂಲಕ ಡ್ರೈವಿನಿಂದಲೇ ಓದಿ. ಫಿಲ್ಟರ್ ಶುಚಿಯಾಗಿದ್ದಾಗ, ಉದಾಹರಣೆಗೆ 100 ಆಂಪಿಯರ್‌ಗೆ ವ್ಯತ್ಯಾಸ 24 ಡಿಗ್ರಿ ಇತ್ತು ಎನ್ನಿ. ಅದೇ ಕರೆಂಟಿಗೆ, ಅದೇ ವೇಗದಲ್ಲಿ 32 ಆಗಿದ್ದರೆ ಹೊರಗಿನ ಬಿಸಿಲಿಗೆ ಅದರಲ್ಲಿ ಪಾಲಿಲ್ಲ. ಫಿಲ್ಟರಿನಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ಧೂಳು ಕಟ್ಟಿದೆ, ಇಲ್ಲವೇ ಫ್ಯಾನ್ ಸೋತಿದೆ. ವ್ಯತ್ಯಾಸ ಹದಿನೈದು ನಿಮಿಷ ಹಾಗೇ ನಿಂತರೆ ಮಾತ್ರ ಅಲರ್ಟ್ ಹೋಗಲಿ. ಪ್ಯಾನೆಲ್ ಒಳಗಿನ ಬಿಸಿಗೆ ಪ್ರತ್ಯೇಕ ಮಿತಿ ಬೇಕೇ ಬೇಕು: ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ.

ಸಕ್ಕರೆ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಬ್ಯಾಚ್ ಸೆಂಟ್ರಿಫ್ಯೂಗಲ್ ಯಂತ್ರಗಳ ವಿಷಯ ಬೇರೆ. ಅವು ಕೆಲವೇ ನಿಮಿಷಗಳಿಗೊಮ್ಮೆ ವೇಗ ಹಿಡಿದು ಮತ್ತೆ ಬ್ರೇಕ್ ಹಾಕುತ್ತವೆ. 415 ವೋಲ್ಟ್ ಸರಬರಾಜಿನಲ್ಲಿ 560–590 ವೋಲ್ಟ್ ಇರುವ ಡಿಸಿ ಬಸ್ (ಡ್ರೈವಿನೊಳಗಿನ ಡಿಸಿ ವಿದ್ಯುತ್ ಭಾಗ), ಬ್ರೇಕ್ ರೆಸಿಸ್ಟರ್ ಇರುವ ಡ್ರೈವ್‌ಗಳಲ್ಲಿ ನಿಧಾನಗೊಳ್ಳುವಾಗ 700 ದಾಟಬಹುದು. ಅದು ದೋಷವಲ್ಲ. ಡಿಸಿ ಬಸ್ಸಿನ ಏರಿಳಿತ, ಅಂದರೆ ರಿಪಲ್, ಹೆಚ್ಚುತ್ತಿದೆಯೇ ಎಂಬುದನ್ನು ಯಂತ್ರ ಪೂರ್ಣ ವೇಗದಲ್ಲಿ ಸ್ಥಿರವಾಗಿರುವ ಅವಧಿಯಲ್ಲಷ್ಟೇ ಲೆಕ್ಕಹಾಕಿ. ತಾಪಮಾನವನ್ನು, ವೇಗ ಹಿಡಿದು ಬ್ರೇಕ್ ಹಾಕುವ ಒಂದು ಇಡೀ ಸುತ್ತಿನ ಸರಾಸರಿಯಾಗಿ ತೆಗೆದುಕೊಳ್ಳಿ. ಜೊತೆಗೆ ಪ್ರತಿ ಸುತ್ತಿನ ಗರಿಷ್ಠ–ಕನಿಷ್ಠ ಅಂತರವನ್ನೂ ದಾಖಲಿಸಿ. ಡ್ರೈವಿನ ಪವರ್ ಸ್ವಿಚ್‌ಗಳಾದ ಐಜಿಬಿಟಿಗಳನ್ನು ಒಳಗಿಂದೊಳಗೆ ಸವೆಸುವುದು ಈ ಬಿಸಿ–ತಂಪಿನ ಓಲಾಟವೇ.

ಫ್ಯಾನಿನ ಅಲರ್ಟನ್ನು ಕೈಪಿಡಿಯಲ್ಲಿರುವಂತೆ ಬಿಡಬೇಡಿ, ಹಂಗಾಮಿಗೆ ಹೊಂದಿಸಿ. 150 ದಿನ ನುರಿಸುತ್ತೀರಿ ಎಂದರೆ 3,600 ತಾಸು. ಫ್ಯಾನ್ ಓಡಿದ ತಾಸು ಎಣಿಸುವ ಡ್ರೈವಿನ ಕೌಂಟರಿನ ಪ್ರಕಾರ ಅಷ್ಟು ಆಯುಷ್ಯ ಉಳಿದಿಲ್ಲದ ಫ್ಯಾನ್‌ಗಳ ಪಟ್ಟಿ ಆಗಸ್ಟಿನಲ್ಲೇ ನಿಮ್ಮ ಕೈಗೆ ಬರಬೇಕು. ಜನವರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಾಚೆ ಸಾಲುಗಟ್ಟಿರುವಾಗ ಅದೇ ಸಂದೇಶ ಬಂದರೆ ಯಾರಿಗೂ ಪ್ರಯೋಜನವಿಲ್ಲ. ಫ್ಯಾನ್ ಬದಲಿಸಿದ ಕೂಡಲೇ ಕೌಂಟರನ್ನು ಸೊನ್ನೆ ಮಾಡಿಸಿ. ಡ್ರೈವಿನ ಮಾದರಿ ತಿಳಿಸಿದರೆ ಅದಕ್ಕೆ ಯಾವ ಪ್ಯಾರಾಮೀಟರ್ (ಸೆಟ್ಟಿಂಗ್) ಎಂದು ಹುಡುಕಿ ಬರೆಯುತ್ತೇನೆ.