ಅಗ್ಗದ ಕೊಟೇಶನ್ ಸಾಲದೇ?

ಪ್ರಶ್ನೆ: ಸಿಂಧನೂರಿನ ಒಂದು ಸಂಸ್ಥೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತೇನೆ. ವಿದೇಶಿ ನೆರವಿನ ನೀರಿನ ಯೋಜನೆಯ ಖರೀದಿ ಈಗ ನನ್ನ ಪಾಲಿಗೆ ಬಂದಿದೆ. ತರಬೇತಿಗೆ ಹೋಗು ಅಂತಾರೆ. ಕಡಿಮೆ ಬೆಲೆ ಹೇಳಿದವರಿಗೆ ಆರ್ಡರ್ ಕೊಟ್ಟರಾಯ್ತು, ಅದಕ್ಕೆ ತರಬೇತಿ ಯಾಕೆ ಸರ್?

ಉತ್ತರ: ರಾಯಚೂರಿನಲ್ಲಿ ಸ್ಟೋರ್‌ಕೀಪರ್ ಆಗಿದ್ದಾಗ ನಾನೂ ಹೀಗೇ ಅಂದುಕೊಂಡಿದ್ದೆ, ತಂಗಿ. ವಿದೇಶದಿಂದ ತರಿಸುವ ಪಂಪುಗಳಿಗೆ ಎರಡು ಕೊಟೇಶನ್ ಬಂದಿದ್ದವು. ಒಂದು 'ಸಿಐಎಫ್ ಚೆನ್ನೈ', ಇನ್ನೊಂದು 'ಡಿಎಪಿ ರಾಯಚೂರು'. ಮಾಲಿನ ಖರ್ಚು, ಹೊಣೆ ಎಲ್ಲಿಯವರೆಗೆ ಯಾರದು ಅಂತ ಹೇಳುವ ವ್ಯಾಪಾರದ ಪದಗಳು ಇವು. ಮೊದಲನೆಯದು ಅಗ್ಗ ಅಂತ ಅದನ್ನೇ ಹಿಡಿದೆ. ಸಿಐಎಫ್‌ನಲ್ಲಿ ಚೆನ್ನೈವರೆಗಿನ ಹಡಗಿನ ಬಾಡಿಗೆ, ವಿಮೆ ಮಾರುವವರದು, ನಿಜ. ಆದರೆ ಮಾಲು ಅವರ ಬಂದರಿನಲ್ಲಿ ಹಡಗು ಹತ್ತಿದ ಕೂಡಲೇ ನಷ್ಟದ ಹೊಣೆ ನಮ್ಮದು! ಬಂದರಿನ ಖರ್ಚು, ಲಾರಿ ಬಾಡಿಗೆ ಕೂಡಿಸಿದರೆ ಅಗ್ಗದ್ದೇ ಜಾಸ್ತಿ ಆಯ್ತು. ಡಿಎಪಿ ಆಗಿದ್ದರೆ ನಮ್ಮ ಬಾಗಿಲವರೆಗೂ ಹೊಣೆ ಅವರದೇ. ಆಮದು ಸುಂಕ, ಇಳಿಸುವ ಖರ್ಚು ಮಾತ್ರ ನಮ್ಮದು.

ಇಂಥ 11 ಪದಗಳು 'ಇನ್‌ಕೋಟರ್ಮ್ಸ್ 2020' ಅನ್ನುವ ಅಂತರರಾಷ್ಟ್ರೀಯ ವ್ಯಾಪಾರ ಪದಗಳ ಪಟ್ಟಿಯಲ್ಲಿವೆ. ಸುಮ್ನೆ ಬಾಯಿಪಾಠ ಬೇಡ, ನಾಲ್ಕೈದು ಚೆನ್ನಾಗಿ ತಿಳಿದರೆ ಸಾಕು. ಇನ್ನು, ವಿಶ್ವಬ್ಯಾಂಕ್ ತನ್ನ ನೆರವಿನ ಯೋಜನೆಗಳಿಗೆ 2016ರ ಜುಲೈನಲ್ಲಿ ತಂದ ಖರೀದಿ ನಿಯಮಗಳು ಬರೀ ಬೆಲೆ ನೋಡು ಅನ್ನುವುದಿಲ್ಲ. ಗುಣಮಟ್ಟ, ಮುಂದಿನ ರಿಪೇರಿ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬಹುದು. ಹಾಗೆ ಹಿಡಿಯುವುದಾದರೆ ಟೆಂಡರ್ ಕಾಗದದಲ್ಲೇ ಬರೆದಿರಬೇಕು, ಆಮೇಲೆ ಸೇರಿಸುವಂತಿಲ್ಲ.

ತರಬೇತಿಗೆ ಹೋಗುವಾಗ ನಿಮ್ಮದೇ ಒಂದು ಹಳೇ ಖರೀದಿ ಫೈಲ್ ಒಯ್ಯಿರಿ. ಅದನ್ನೇ ಮುಂದಿಟ್ಟು ಪ್ರಶ್ನೆ ಕೇಳಿ.